ಬಾಯಿ ತೆರೆದ ಮನುಷ್ಯನ ಬಿಲ್ಲೆ

ವಾಟರ್‌ಬರಿ, ಕನೆಕ್ಟಿಕಟ್
೧೯ ಜುಲೈ ೧೮೯೬

ಪ್ರೀತಿಯ ತಂಗಿ ಡೀಲಿಯಾ,

ಬೆಳ್ಳಿಯ ಕಡೆಯವನೇ ಅಧ್ಯಕ್ಷನ ಚುನಾವಣೆಗೆ ನಿಂತ ಸುದ್ದಿ ಕೇಳಿ ನಿನ್ನ ಗಂಡ ಮ್ಯಾಲಕಿ ಮನೆಯ ಮಾಡು ಹಾರಿಹೋಗುವಂತೆ ಕೂಗಿರಬೇಕು. ಬ್ರಯನ್‌ಗೆ ಮೂವತ್ತಾರು ವರ್ಷವಂತೆ, ನನಗಿಂತ ಚಿಕ್ಕವನು. ನಮ್ಮ ಕಾರ್ಖಾನೆಯಲ್ಲಿ ಈ ಸುದ್ದಿಗೆ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಮಾಲೀಕ. ಅವನು ಎದುರಾಳಿ ಮೆಕಿನ್ಲಿಯ ಕಡೆ, ಹಣಕ್ಕೆ ಚಿನ್ನವೊಂದೇ ಆಧಾರ ಅನ್ನುವವರ ಕಡೆ. ಆದರೆ ಜಗಳ ಜೋರಾದಷ್ಟೂ ಜನಕ್ಕೆ ಕೋಟಿಗೆ ಸಿಕ್ಕಿಸಿಕೊಳ್ಳಲು ಬಿಲ್ಲೆ ಬೇಕು. ಬಿಲ್ಲೆಗೆ ಅಚ್ಚು ಬೇಕು, ಅಚ್ಚು ಕೊರೆಯಲು ನಾನು ಬೇಕು.

ನಮ್ಮ ಮೇಸ್ತ್ರಿ, ಜರ್ಮನಿಯ ಮುದುಕ ಕ್ಯೂಬ್ಲರ್, ಮೊನ್ನೆ ಹಳೆಯ ಕಪಾಟು ತೆಗೆದ. ಒಳಗೆ ಈ ದೇಶದ ಚುನಾವಣೆಗಳೆಲ್ಲ ಉಕ್ಕಿನ ತುಂಡುಗಳಾಗಿ ಮಲಗಿದ್ದವು. ಅಧ್ಯಕ್ಷ ಜಾಕ್ಸನ್ ಮೇಲಿನ ಸಿಟ್ಟಿಗೆ ಕೊರೆದ ಕತ್ತೆ. ಬ್ಯಾಂಕುಗಳು ಮುಳುಗಿ ಚಿಲ್ಲರೆಯೇ ಇಲ್ಲವಾದಾಗ ಅಂಗಡಿಯವರು ಕಾಸಿನ ಬದಲು ಕೊಡುತ್ತಿದ್ದ ಬಿಲ್ಲೆಯ ಮೇಲಿನ, ಬೆನ್ನ ಮೇಲೆ ಖಜಾನೆ ಪೆಟ್ಟಿಗೆ ಹೊತ್ತ ಆಮೆ. ಹ್ಯಾರಿಸನ್‌ನ ಮರದ ಗುಡಿಸಲು. ಆ ಗುಡಿಸಲಿನಲ್ಲಿ ಅವನು ಹುಟ್ಟೇ ಇರಲಿಲ್ಲವಂತೆ, ದೊಡ್ಡ ಜಮೀನ್ದಾರರ ಮನೆಯವನಂತೆ. ಆಮೇಲೆ ಬೇಲಿಗೂಟ ಸೀಳುವ ಲಿಂಕನ್. ಗೆದ್ದವರೂ ಸೋತವರೂ ಒಂದೇ ಖಾನೆಯಲ್ಲಿ.

"ಸೋತೋರ ಅಚ್ಚಿಗೆ ಜಾಸ್ತಿ ಎಣ್ಣೆ ಹಚ್ಚಿಡು ಕಾನ್," ಅಂದ ಮುದುಕ. "ಅವರು ಸುಮ್ನೆ ಕೂರಲ್ಲ, ಮತ್ತೆ ನಿಲ್ತಾರೆ."

ಗಣಿ ಹೇಗೆ ನಡೆಯುತ್ತಿದೆ? ಮ್ಯಾಲಕಿಗೆ ಕೆಲಸ ಬಿಡುವಿಲ್ಲದೆ ಇದೆಯೇ? ಪುಟ್ಟ ನೋರಾಳಿಗೆ ಮಾವನ ಮುತ್ತು.

ನಿನ್ನ ಅಣ್ಣ
ಕಾನ್


ಟೆಲ್ಫರ್, ಕೊಲೊರಾಡೊ
೯ ಆಗಸ್ಟ್ ೧೮೯೬

ಪ್ರೀತಿಯ ಅಣ್ಣ,

ಕೂಗಿದ್ದು ಮಾತ್ರವಲ್ಲ, ಪಕ್ಕದ ಮನೆಯ ಮುದುಕಿಯನ್ನು ಎತ್ತಿಕೊಂಡು ಬೀದಿಯಲ್ಲಿ ಕುಣಿದ. ಅವಳು "ಬಿಡೋ ಹಾಳಾದವನೇ, ಸೊಂಟ ಹೋಯ್ತು" ಎಂದು ಚೀರುತ್ತಿದ್ದಳು. ಊರಿನ ಬೆಳ್ಳಿ ಸಂಘಕ್ಕೆ ಮ್ಯಾಲಕಿಯನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದಾರೆ. "ದೇಶಕ್ಕೆ ಬ್ರಯನ್, ಟೆಲ್ಫರ್‌ಗೆ ನಾನು" ಎಂದು ಮೀಸೆ ತಿರುವುತ್ತಾನೆ. ಹದಿನಾರು ತೂಕ ಬೆಳ್ಳಿ ಒಂದು ತೂಕ ಚಿನ್ನಕ್ಕೆ ಸಮ ಎಂದು ಸರ್ಕಾರ ಒಪ್ಪಿ, ಬಂದ ಬೆಳ್ಳಿಯನ್ನೆಲ್ಲ ನಾಣ್ಯ ಮಾಡಿದರೆ ಸಾಕು, ಬೆಟ್ಟದ ಗಣಿಗಳೆಲ್ಲ ಮತ್ತೆ ಉಸಿರಾಡುತ್ತವೆ ಅನ್ನುತ್ತಾನೆ. ನೋರಾ ಹಗ್ಗ ಹಾರುವಾಗಲೂ "ಹದಿನಾರಕ್ಕೊಂದು, ಹದಿನಾರಕ್ಕೊಂದು" ಎಂದೇ ಹಾಡುತ್ತಾಳೆ.

ಕೆಲಸದ ಬಗ್ಗೆ ಕೇಳಿದ್ದೀಯ. ಮ್ಯಾಲಕಿ ಲಿಟಲ್ ಕ್ಯಾಥರಿನ್ ಗಣಿಯಲ್ಲಿ ಪಂಪು ನೋಡಿಕೊಳ್ಳುತ್ತಾನೆ. ನಾವೆಲ್ಲ ಚೆನ್ನಾಗಿದ್ದೇವೆ.

ಒಂದು ವಿಷಯದಲ್ಲಿ ನಾನು ನಿಮ್ಮ ಊರಿನ ದೊಡ್ಡ ಮನೆಯ ಹೆಂಗಸರಿಗಿಂತ ಮೇಲು. ಕೊಲೊರಾಡೊದಲ್ಲಿ ಹೆಂಗಸರಿಗೂ ಮತ ಇದೆ. ನವೆಂಬರ್‌ನಲ್ಲಿ ನಾನು ಮುಖ ತೊಳೆದುಕೊಂಡು, ಟೋಪಿ ಇಟ್ಟುಕೊಂಡು ಹೋಗಿ ಅಧ್ಯಕ್ಷನನ್ನು ಆರಿಸುತ್ತೇನೆ. ನಿನ್ನ ಮತವನ್ನು ಹೊಡೆದುಹಾಕಲು ನನ್ನದೊಂದೇ ಸಾಕು!

ನೋರಾಳಿಗೆ ಬ್ರಯನ್ ಮುಖದ ಬಿಲ್ಲೆ ಒಂದಿದ್ದರೆ ಕಳಿಸು.

ನಿನ್ನ ಡೀಲಿಯಾ


ವಾಟರ್‌ಬರಿ
೩೦ ಆಗಸ್ಟ್ ೧೮೯೬

ಪ್ರೀತಿಯ ಡೀಲಿಯಾ,

ಬಿಲ್ಲೆ ಇದರೊಳಗಿದೆ. ಮೂಗು ಸ್ವಲ್ಪ ದಪ್ಪವಾಯಿತು, ನೋರಾ ಕ್ಷಮಿಸಬೇಕು.

ಇಲ್ಲಿ ತಲೆಯೆತ್ತಲು ಪುರಸೊತ್ತಿಲ್ಲ. ಪೂರ್ವದ ಯಾವುದೋ ರಾಜಕೀಯ ಸಂಘದವರು ತಟ್ಟೆಯಷ್ಟು ಅಗಲದ ಬಿಲ್ಲೆಗೆ ಬೇಡಿಕೆ ಕೊಟ್ಟಿದ್ದಾರೆ. ತಮಾಷೆಯ ಬಿಲ್ಲೆ. ಮುಖ ಕೊರೆಯುವವನು ನಾನೇ. ಮಾಲೀಕ ಬಂದು ನನ್ನ ಬೆನ್ನು ತಟ್ಟಿ ಹೋದ. ಇಷ್ಟು ವರ್ಷದಲ್ಲಿ ಅದೇ ಮೊದಲು. ಈಗ ತಗಡಿನ ಗುಂಡಿಯ ಮೇಲೆ ಫೋಟೋ ಅಂಟಿಸಿ, ಮೇಲೆ ಗಾಜಿನಂಥ ಹಾಳೆ ಹೊದಿಸಿ ಮಾರುವವರು ಹುಟ್ಟಿಕೊಂಡಿದ್ದಾರೆ. ಅದಕ್ಕೆ ಅಚ್ಚೂ ಬೇಡ, ಕೊರೆಯುವವನೂ ಬೇಡ. ಹಾಗಿರುವಾಗ ಬಂದ ಕೆಲಸವನ್ನು ಬಿಡುವುದಕ್ಕಾಗುತ್ತದೆಯೇ?

ನಿಮ್ಮ ಮದುವೆಯ ಪಟವನ್ನು ಕೆಲಸದ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಪಂಪಿನ ಕೆಲಸದಲ್ಲಿ ಸಂಬಳ ಚೆನ್ನಾಗಿಯೇ ಇರಬೇಕು. ಹಾಗಿದ್ದೂ ಆ ನಿನ್ನ ಗಂಡ ನಾಲ್ಕು ವರ್ಷದಿಂದ ಮಗಳದೊಂದು ಪಟ ತೆಗೆಸಿ ಕಳಿಸಿಲ್ಲವಲ್ಲ. ಕ್ರಿಸ್‌ಮಸ್‌ಗೆ ಮೂವರೂ ರೈಲು ಹತ್ತಿ ಬನ್ನಿ. ನನ್ನ ಎರಡು ಕೋಣೆಗಳಲ್ಲಿ ಒಂದು ನಿಮಗೆ. ಜಿಪುಣತನ ಬೇಡ ಎಂದು ಮ್ಯಾಲಕಿಗೆ ಹೇಳು.

ಕಾನ್


ಟೆಲ್ಫರ್
೨೦ ಸೆಪ್ಟೆಂಬರ್ ೧೮೯೬

ಅಣ್ಣ,

ನಿನ್ನ ಕಾಗದವನ್ನು ಮ್ಯಾಲಕಿ ನನ್ನ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದಿದ. ಜಿಪುಣತನದ ಮಾತು ಬಂದಾಗ ನಕ್ಕ. ಆಮೇಲೆ ಕಾಗದ ಮಡಿಸಿಟ್ಟು ಹೊರಗೆ ಹೋದ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಲಿಟಲ್ ಕ್ಯಾಥರಿನ್ ಮುಚ್ಚಿ ಮೂರು ವರ್ಷವಾಯಿತು. ಸರ್ಕಾರ ಬೆಳ್ಳಿ ಕೊಳ್ಳುವುದನ್ನು ನಿಲ್ಲಿಸಿದ ವರ್ಷವೇ ಮುಚ್ಚಿದರು. ಮ್ಯಾಲಕಿ ಮಾಡುವ ಪಂಪಿನ ಕೆಲಸಕ್ಕೆ ಸಂಬಳವಿಲ್ಲ. ಪಂಪು ನಿಂತರೆ ಗಣಿಯ ತಳಕ್ಕೆ ನೀರು ನುಗ್ಗುತ್ತದೆ. ನೀರು ನುಗ್ಗಿದರೆ ಕಂಬಗಳು ಕೊಳೆತು ಎಲ್ಲ ಕುಸಿಯುತ್ತದೆ. ಆಮೇಲೆ ಬೆಳ್ಳಿಗೆ ಬೆಲೆ ಬಂದರೂ ಅದನ್ನು ಯಾರೂ ತೆರೆಯುವುದಿಲ್ಲ. ಅದಕ್ಕೇ ಇವನೂ ಇನ್ನು ಕೆಲವರೂ ಸೇರಿ ಸರದಿಯ ಮೇಲೆ ಬಾಯ್ಲರ್‌ಗೆ ಸೌದೆ ಹಾಕಿ ಪಂಪು ಓಡಿಸುತ್ತಾರೆ. ಸೌದೆಯನ್ನೂ ಇವರೇ ಕಡಿದು ತರಬೇಕು. ಬ್ರಯನ್ ಗೆದ್ದರೆ ಮಾರನೆಯ ವಾರವೇ ಗಣಿ ತೆರೆಯುತ್ತೇನೆ, ಪಂಪು ಕಾಯ್ದವರಿಗೆ ಮೊದಲ ಕೆಲಸ ಎಂದು ಕಂಪನಿಯ ಯಜಮಾನ ಮಾತು ಕೊಟ್ಟಿದ್ದಾನೆ.

ಮನೆ ನಡೆಯುವುದು ನಾನು ಊರವರ ಬಟ್ಟೆ ಒಗೆಯುವುದರಿಂದ. ನಿನಗೆ ಹೇಳಬೇಡ ಎಂದು ಮ್ಯಾಲಕಿ ಆಣೆ ಹಾಕಿಸಿದ್ದ. "ಭಾವನ ಮುಂದೆ ನಾನು ಸಣ್ಣವನಾಗ್ಬಾರ್ದು ಕಣೇ, ನವೆಂಬರ್ ತನಕ ಸುಮ್ನಿರು" ಅಂದಿದ್ದ. ಈಗ ಹೇಳಿದ್ದೇನೆ. ಹಣ ಕಳಿಸಬೇಡ, ಅವನು ಹಿಂದಕ್ಕೆ ಕಳಿಸುತ್ತಾನೆ. ಅವನಿಗೊಂದು ಒಳ್ಳೆಯ ಕಾಗದ ಬರೆ, ಅಷ್ಟು ಸಾಕು.

ಡೀಲಿಯಾ


ಟೆಲ್ಫರ್
೨೫ ಅಕ್ಟೋಬರ್ ೧೮೯೬

ಅಣ್ಣ,

ನೀನು ಉತ್ತರ ಬರೆಯಲಿಲ್ಲ. ಯಾಕೆಂದು ಈಗ ಗೊತ್ತಾಯಿತು.

ಮೆಕಿನ್ಲಿ ಕಡೆಯ ಭಾಷಣಕಾರನೊಬ್ಬ ಕಳೆದ ವಾರ ರೈಲಿನಲ್ಲಿ ಬಂದಿದ್ದ. ಇಲ್ಲಿ ಅವನ ಮಾತು ಯಾರು ಕೇಳುತ್ತಾರೆ? ಎರಡು ಕೊಳೆತ ಎಲೆಕೋಸು ಬಿದ್ದ ಮೇಲೆ ಅವನು ನಿಲ್ದಾಣದಲ್ಲೇ ಒಂದು ಪೆಟ್ಟಿಗೆ ಸುರಿದು ರೈಲು ಹತ್ತಿದ. ಪೆಟ್ಟಿಗೆಯ ತುಂಬ ತಟ್ಟೆಯಷ್ಟು ಅಗಲದ ಸೀಸದ ಬಿಲ್ಲೆಗಳು. ಒಂದು ಕಡೆ "ಬ್ರಯನ್ನನ ಡಾಲರ್"; ಬೆಳ್ಳಿ ಅಷ್ಟು ಅಗ್ಗ, ಒಂದು ಡಾಲರಿಗೆ ಇಷ್ಟು ದೊಡ್ಡ ಬಿಲ್ಲೆಯೇ ಬೇಕು ಎಂಬ ಅಣಕ. ಇನ್ನೊಂದು ಕಡೆ ಒಬ್ಬ ಗಣಿಯವನು ಆಕಾಶಕ್ಕೆ ಬಾಯಿ ತೆರೆದುಕೊಂಡು ನಿಂತಿದ್ದಾನೆ. ಸುತ್ತ ಬರೆದಿದೆ: "ಬಾಯಿ ಬಿಡು, ಬೆಳ್ಳಿ ಉದುರುತ್ತದೆ."

ಮುಂದಿನ ಹಲ್ಲು ಅರ್ಧ ಮುರಿದಿದೆ. ಎಡಗಿವಿ ಕಲ್ಲು ಬಡಿದು ಸೀಳಿದೆ. ಹುಬ್ಬಿನ ಮೇಲೆ ಕೂದಲಿನ ಸುಳಿ. ಅಣ್ಣ, ಅದು ಮ್ಯಾಲಕಿ. ನಮ್ಮ ಮದುವೆಯ ಪಟದ ಮ್ಯಾಲಕಿ.

ನಾನು ನೋಡುವ ಮೊದಲೇ ಊರೆಲ್ಲ ನೋಡಿತ್ತು. ಹುಡುಗರು ಅವನ ಹಿಂದೆ ಬಾಯಿ ತೆರೆದುಕೊಂಡು ನಡೆಯುತ್ತಿದ್ದರು. ಮದ್ಯದಂಗಡಿಯಲ್ಲಿ ಯಾರೋ "ಏನಪ್ಪಾ ಅಧ್ಯಕ್ಷ, ಬಾಯಿಗೆ ಎಷ್ಟು ಉದುರ್ತು?" ಎಂದು ಕೇಳಿದರಂತೆ. ಇವನು ಆ ಬಿಲ್ಲೆಗೆ ತೂತು ಕೊರೆದು, ದಾರ ಕಟ್ಟಿ, ಕೊರಳಿಗೆ ಹಾಕಿಕೊಂಡು ಸಂಘದ ಸಭೆಗೆ ಹೋದ. ಮೇಜಿನ ಮೇಲೆ ಹತ್ತಿ ನಿಂತ.

"ನೋಡ್ರಪ್ಪಾ," ಅಂದ, "ಬ್ರಯನ್ ಇನ್ನೂ ಗೆದ್ದಿಲ್ಲ, ಲಿಂಕನ್ ಸತ್ತೇ ಮೂವತ್ತು ವರ್ಷ ಆಯ್ತು. ಬದುಕಿದ್ದಾಗ್ಲೇ ಡಾಲರ್ ಮೇಲೆ ಮುಖ ಬಂದಿರೋನು ಈ ದೇಶದಲ್ಲಿ ನಾನೊಬ್ನೇ. ಎಲ್ರೂ ಟೋಪಿ ತೆಗೀರಿ!"

ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಚಪ್ಪಾಳೆ ಹೊಡೆದರು. ನನಗೆ ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿಲ್ಲ. ಮನೆಗೆ ಬಂದು ಬೂಟು ಬಿಚ್ಚುತ್ತಾ ಅವನು ಕೇಳಿದ: "ಡೀಲಿಯಾ, ಭಾವನಿಗೆ ನಾನು ಹಂಗೇ ಕಾಣ್ತೀನಾ?"

ನಾನು ಏನು ಹೇಳಬೇಕಿತ್ತು, ನೀನೇ ಬರೆದು ಕಳಿಸು.

ಡೀಲಿಯಾ


ವಾಟರ್‌ಬರಿ
೨ ನವೆಂಬರ್ ೧೮೯೬

ಡೀಲಿಯಾ,

ಅದು ಅಲ್ಲಿಯವರೆಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಬಿಲ್ಲೆಗಳು ನ್ಯೂಯಾರ್ಕಿನ ಮೆರವಣಿಗೆಗೆ ಎಂದು ಹೇಳಿದ್ದರು. ಬಾಯಿ ತೆರೆದ ಒಬ್ಬ ಗಣಿಯವನು ಬೇಕು ಅಂದರು. ನಾನು ಹತ್ತಿರದಿಂದ ನೋಡಿದ ಗಣಿಯವನು ಒಬ್ಬನೇ. ಸುಮ್ಮನೆ ಊಹಿಸಿ ಕೊರೆದರೆ ಮುಖ ಸತ್ತಂತೆ ಕಾಣುತ್ತದೆ. ಪಟ ಮುಂದಿತ್ತು, ನೋಡಿ ಕೊರೆದೆ. ಹಲ್ಲನ್ನಾದರೂ ಬದಲಿಸಬಹುದಿತ್ತು. ಹಲ್ಲು ಚೆನ್ನಾಗಿ ಬಂದಿತ್ತು ಡೀಲಿಯಾ, ಅದಕ್ಕೇ ಬದಲಿಸಲಿಲ್ಲ. ಅವನಿಗೆ ಸಂಬಳ ಬರುತ್ತಿದೆ, ಸುಖವಾಗಿದ್ದಾನೆ ಎಂದೇ ನಂಬಿದ್ದೆ. ನಿನ್ನ ಸೆಪ್ಟೆಂಬರ್ ಕಾಗದ ಬರುವ ಹೊತ್ತಿಗೆ ಬಿಲ್ಲೆಗಳೆಲ್ಲ ಪೆಟ್ಟಿಗೆ ಸೇರಿದ್ದವು. ಆಮೇಲೆ ಅವನಿಗೆ ಏನೆಂದು ಬರೆಯಲಿ?

ನಾಳೆ ಚುನಾವಣೆ. ಬ್ರಯನ್ ಗೆದ್ದರೆ ಬುಧವಾರ ಯಾರೂ ಕೆಲಸಕ್ಕೆ ಬರುವುದು ಬೇಡ ಎಂದು ಮಾಲೀಕ ಬಾಗಿಲಲ್ಲಿ ನಿಂತು ಹೇಳಿದ್ದಾನೆ. ನಾನು ಯಾರಿಗೆ ಮತ ಹಾಕುತ್ತೇನೆಂದು ನೀನು ಕೇಳುವುದಿಲ್ಲ, ಗೊತ್ತು.

ಮ್ಯಾಲಕಿ ನನಗೆ ಹಾಗೆ ಕಾಣುವುದಿಲ್ಲ ಎಂದು ಅವನಿಗೆ ಹೇಳು. ಅಥವಾ ನಾನೇ ಬರೆಯುತ್ತೇನೆ, ಚುನಾವಣೆಯ ಗಲಾಟೆ ಮುಗಿಯಲಿ.

ಕಾನ್


ಟೆಲ್ಫರ್
೨೯ ನವೆಂಬರ್ ೧೮೯೬

ಅಣ್ಣ,

ಮ್ಯಾಲಕಿ ಹೋದ.

ನಾನು ಮತ ಹಾಕಿದೆ. ಟೆಲ್ಫರ್‌ನಲ್ಲಿ ಬ್ರಯನ್ ಬಿಟ್ಟು ಬೇರೆಯವರಿಗೆ ಬಿದ್ದ ಮತಗಳನ್ನು ಒಂದೇ ಬೆಂಚಿನ ಮೇಲೆ ಕೂರಿಸಬಹುದಿತ್ತು. ಇಡೀ ಕೊಲೊರಾಡೊ ಹಾಗೆಯೇ ಇತ್ತು. ಆ ಸಂಜೆ ಬೀದಿಯಲ್ಲಿ ಬೆಂಕಿ ಹಾಕಿ ಕುಣಿದೆವು. ದೇಶ ಎಂದರೆ ಕೊಲೊರಾಡೊ ಅಲ್ಲ ಎಂದು ಮಾರನೆಯ ದಿನ ಬ್ರಯನ್ ಸೋತ ತಂತಿ ಬಂದಾಗ ಗೊತ್ತಾಯಿತು. ನಿಮ್ಮ ಕಡೆಯವರೆಲ್ಲ ಸೇರಿ ನಮ್ಮನ್ನು ಮುಗಿಸಿದರು.

ಮುಂದಿನ ವಾರ ಕಂಪನಿಯ ಯಜಮಾನ ಬಂದ. ಬಾಯ್ಲರನ್ನು ಚಿನ್ನದ ಗಣಿಯವರಿಗೆ ಮಾರಿದ್ದೇನೆ, ಪಂಪು ನಿಲ್ಲಿಸಿ ಅಂದ. ಪಂಪಿನ ಸದ್ದು ನಿಂತಾಗ ಮನೆಮನೆಯ ಹೆಂಗಸರು ಬಾಗಿಲಿಗೆ ಬಂದರು. ಅದು ಓಡುತ್ತಿರುವಾಗ ಯಾರಿಗೂ ಕೇಳಿಸುತ್ತಿರಲಿಲ್ಲ.

ಮ್ಯಾಲಕಿ ಎರಡು ದಿನ ಗೋಡೆ ನೋಡುತ್ತಾ ಕೂತ. ಮೂರನೆಯ ದಿನ ಬೆಳಿಗ್ಗೆ ಗಂಜಿ ಕುಡಿದು, ನೋರಾಳ ಜಡೆ ತಾನೇ ಹೆಣೆದ. ಹೆಣೆಯಲು ಬರುತ್ತಿರಲಿಲ್ಲ, ಅವಳು "ಅಪ್ಪಾ, ಎಳೀಬೇಡ" ಎಂದು ಬೈಯುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ತಳದ ಸುರಂಗಕ್ಕೆ ಕಂಬ ಕೊಟ್ಟೋನು ನಾನು. ನೀರು ಮುಚ್ಚೋ ಮೊದ್ಲು ಒಂದ್ಸಲ ನೋಡ್ಕೊಂಡು ಬರ್ತೀನಿ" ಅಂದ. ಮಧ್ಯಾಹ್ನ ಬೇರೆ ಗಂಡಸರು ಹೋಗಿ ಮೇಲೆತ್ತಿದರು. ಏಣಿಯಲ್ಲಿ ಕಾಲು ಜಾರಿತು ಅಂದರು. ಪಾದ್ರಿಯೂ ಹಾಗೇ ನಂಬಿ ಚರ್ಚಿನ ನೆಲದಲ್ಲೇ ಮಣ್ಣು ಮಾಡಿಸಿದರು.

ನಿನಗೊಬ್ಬನಿಗೆ ಹೇಳುತ್ತೇನೆ. ಅವನ ಮೇಣದಬತ್ತಿಗಳು ಏಣಿಯ ತಲೆಯಲ್ಲೇ ಇದ್ದವು, ಒಂದನ್ನೂ ಹಚ್ಚಿರಲಿಲ್ಲ. ಕತ್ತಲ ಗುಂಡಿಯನ್ನು ನೋಡಿಕೊಂಡು ಬರಲು ಹೋಗುವವನು ದೀಪ ಬಿಟ್ಟು ಹೋಗುತ್ತಾನೆಯೇ? ಬೇರೆ ಯಾರೂ ನೋಡುವ ಮೊದಲು ನಾನು ಅವನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದೆ; ತಾನಾಗಿ ಸತ್ತವರಿಗೆ ಚರ್ಚು ನೆಲ ಕೊಡುವುದಿಲ್ಲ.

ನಿನ್ನ ಬಿಲ್ಲೆಯಿಂದ ಸತ್ತ ಅಂದುಕೊಳ್ಳಬೇಡ. ಅಷ್ಟು ದೊಡ್ಡದೇನೂ ಅಲ್ಲ ನಿನ್ನ ಬಿಲ್ಲೆ. ಆದರೆ ನಿನ್ನ ಕಾಗದಕ್ಕೆ ಅವನು ಕಾದಿದ್ದ. ಅಂಚೆಯವನು ಬಂದಾಗಲೆಲ್ಲ ತಲೆ ಎತ್ತುತ್ತಿದ್ದ.

ಡೀಲಿಯಾ


ವಾಟರ್‌ಬರಿ
೧೪ ಡಿಸೆಂಬರ್ ೧೮೯೬

ನನ್ನ ಡೀಲಿಯಾ,

ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ಇಲ್ಲಿನ ಚರ್ಚಿನಲ್ಲಿ ಮ್ಯಾಲಕಿಯ ಹೆಸರಿನಲ್ಲಿ ಪೂಜೆ ಮಾಡಿಸಿದೆ. ಪೂಜೆಗೆ ನಾನು ಮತ್ತು ಕ್ಯೂಬ್ಲರ್ ಇಬ್ಬರೇ. ಮುದುಕ ಲುಥೆರನ್ ಪಂಥದವನು, ನಮ್ಮ ಚರ್ಚಿನವನಲ್ಲ, ಆದರೂ ಬಂದು ಮಂಡಿಯೂರಿದ.

ಸ್ವಲ್ಪ ಹಣ ಇಟ್ಟಿದ್ದೇನೆ. ಈಗ ಹಿಂದಕ್ಕೆ ಕಳಿಸುವವರು ಯಾರೂ ಇಲ್ಲ, ಇಟ್ಟುಕೋ. ನೋರಾಳಿಗೆ ಬೆಚ್ಚಗಿನ ಕೋಟು ಹೊಲಿಸು. ನಾನು ಚೆನ್ನಾಗಿದ್ದೇನೆ, ಕೆಲಸ ನಡೆಯುತ್ತಿದೆ. ನನ್ನ ಬಗ್ಗೆ ಯೋಚಿಸಬೇಡ.

ಕಾನ್


ಟೆಲ್ಫರ್
೧೭ ಜನವರಿ ೧೮೯೭

ಅಣ್ಣ,

ಕೋಟು ಹೊಲಿಸಿದೆ. ಸಾಕಷ್ಟು ಉದ್ದ ಬಿಡಿಸಿದ್ದೇನೆ, ಬೇಗ ಬೆಳೆಯುತ್ತಿದ್ದಾಳೆ.

ಊರು ಖಾಲಿಯಾಗುತ್ತಿದೆ. ಜನರೇ ಇಲ್ಲದ ಮೇಲೆ ಒಗೆಯಲು ಬಟ್ಟೆ ಎಲ್ಲಿಂದ ಬರಬೇಕು? ಈ ಮನೆ ಕಂಪನಿಯದು. ಹಲಗೆ, ಕಿಟಕಿ ಬಿಚ್ಚಿ ಮಾರಲು ಫೆಬ್ರವರಿ ಕೊನೆಗೆ ಬರುತ್ತಾರಂತೆ.

ಸಿಟ್ಟಿನಲ್ಲಿ ನಾನು ಬರೆದ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ನನಗೆ ಇರುವವನು ನೀನೊಬ್ಬನೇ. ನೋರಾಳನ್ನು ಕರೆದುಕೊಂಡು ನಿನ್ನಲ್ಲಿಗೆ ಬರಲೇ? ಆಗಸ್ಟಿನಲ್ಲಿ ನೀನು ಒಂದು ಕೋಣೆ ಕೊಡುತ್ತೇನೆ ಅಂದಿದ್ದೆ. ಒಂದು ಮೂಲೆ ಸಾಕು. ನಾನು ಅಡುಗೆ ಮಾಡುತ್ತೇನೆ, ಒಗೆಯುತ್ತೇನೆ, ನಿನಗೆ ಭಾರವಾಗುವುದಿಲ್ಲ. ನೋರಾ ಗಲಾಟೆಯ ಹುಡುಗಿಯಲ್ಲ. ಈಗಂತೂ ಮಾತೇ ಆಡುವುದಿಲ್ಲ.

ಬಾ ಎಂದು ಒಂದು ಸಾಲು ಬರೆ. ಟಿಕೆಟ್ಟಿಗೆ ಮದುವೆಯ ಉಂಗುರ ಇದೆ.

ನಿನ್ನ ತಂಗಿ


ವಾಟರ್‌ಬರಿ
೭ ಮಾರ್ಚ್ ೧೮೯೭

ಪ್ರೀತಿಯ ಡೀಲಿಯಾ,

ತಡವಾಯಿತು. ಬೈಯುವುದಿದ್ದರೆ ಎದುರಿಗೆ ಬಂದು ಬೈ.

ನಿನಗೆ ಬರೆದದ್ದು ಸುಳ್ಳು. ಡಿಸೆಂಬರ್ ಮೊದಲ ವಾರದಲ್ಲೇ ನನ್ನನ್ನೂ ಕ್ಯೂಬ್ಲರ್‌ನನ್ನೂ ಕಳಿಸಿಬಿಟ್ಟರು. ಮೆಕಿನ್ಲಿ ಗೆದ್ದರೆ ಎಲ್ಲರಿಗೂ ಕೆಲಸ ಅಂದಿದ್ದ ಮಾಲೀಕನೇ ಕಳಿಸಿದ್ದು. ಚುನಾವಣೆ ಮುಗಿದ ಮೇಲೆ ಬಿಲ್ಲೆ ಯಾರಿಗೆ ಬೇಕು? ಇನ್ನು ಮುಂದಂತೂ ಫೋಟೋ ಗುಂಡಿಗಳೇ. "ಅರವತ್ತು ವರ್ಷ ಈ ದೇಶದ ಅಧ್ಯಕ್ಷರಿಗೆಲ್ಲ ಮೂಗು ಕೊಟ್ಟೋರು ನಾವು," ಅಂದ ಕ್ಯೂಬ್ಲರ್ ಬಾಗಿಲಲ್ಲಿ. "ಇನ್ಮೇಲೆ ಅವರವರ ಮೂಗು ಅವರಿಗೇ."

ಕೋಣೆಗಳು ಹೋದವು. ಒಂದೇ ಹಾಸಿಗೆಯಲ್ಲಿ ಇಬ್ಬರು ಪಾಳಿಯ ಮೇಲೆ ಮಲಗುವ ಮನೆಯಲ್ಲಿದ್ದೆ. ನಿನ್ನ ಜನವರಿಯ ಕಾಗದ ನನ್ನನ್ನು ಅಲ್ಲಿ ಹುಡುಕಿಕೊಂಡು ಬಂತು. ಬಾ ಎಂದು ಬರೆಯಲು ಜಾಗವಿರಲಿಲ್ಲ, ಬೇಡ ಎಂದು ಬರೆಯಲು ಕೈ ಬರಲಿಲ್ಲ. ಏನಾದರೂ ಸಿಕ್ಕ ಮೇಲೆ ಬರೆಯೋಣ ಎಂದು ನಾಳೆ ನಾಳೆ ಅನ್ನುತ್ತಾ ಕಳೆದೆ.

ಈಗ ಸಿಕ್ಕಿದೆ. ಕೋಟಿನ ಗುಂಡಿ ಮಾಡುವ ಕಡೆ ಯಂತ್ರ ಒತ್ತುವ ಕೆಲಸ. ಸಂಬಳ ಅರ್ಧ. ಆದರೆ ಬೇಕರಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಬೆಳಗಾದರೆ ಬ್ರೆಡ್ಡಿನ ವಾಸನೆ, ನೆಲವೂ ಬೆಚ್ಚಗೆ. ಮಧ್ಯೆ ಪರದೆ ಕಟ್ಟಿದ್ದೇನೆ. ನೋರಾಳಿಗೆ ಪೈನ್ ಹಲಗೆಯ ಸಣ್ಣ ಮಂಚ ಮಾಡುತ್ತಿದ್ದೇನೆ. ಎಷ್ಟು ಉದ್ದ ಮಾಡಲಿ? ಅವಳು ಈಗ ಎಷ್ಟು ಎತ್ತರ ಇದ್ದಾಳೆ ಎಂದು ತಕ್ಷಣ ಬರೆ.

ಉಂಗುರ ಮಾರಬೇಡ. ಟಿಕೆಟ್ಟಿನ ಹಣ ಇದರೊಳಗಿದೆ. ಬಾ ಡೀಲಿಯಾ, ಇಬ್ಬರೂ ಬನ್ನಿ.

ನಿನ್ನ ಅಣ್ಣ
ಕಾನ್


ಕ್ರಿಪಲ್ ಕ್ರೀಕ್, ಕೊಲೊರಾಡೊ
೨೮ ಮಾರ್ಚ್ ೧೮೯೭

ಅಣ್ಣ,

ನಿನ್ನ ಕಾಗದ ಟೆಲ್ಫರ್‌ಗೆ ಹೋಗಿ, ಅಲ್ಲಿ ಯಾರೂ ಇಲ್ಲದೆ, ನನ್ನನ್ನು ಹುಡುಕಿಕೊಂಡು ಇಲ್ಲಿಗೆ ಬಂತು. ಇದು ಚಿನ್ನದ ಗಣಿಯ ಊರು. ಗಣಿಯವರು ಉಣ್ಣುವ ಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ.

ಫೆಬ್ರವರಿ ಪೂರ್ತಿ ಅಂಚೆಯವನನ್ನು ಕಾದೆ. ನೀನು ನನ್ನ ಮಾತಿಗೆ ಮುನಿಸಿಕೊಂಡಿದ್ದೀಯ, ನಮ್ಮನ್ನು ಬೇಡ ಅಂದಿದ್ದೀಯ ಎಂದು ತಿಳಿದೆ. ಕಿಟಕಿ ಬಿಚ್ಚಲು ಬಂದವರು ನಾವು ಒಳಗಿರುವಾಗಲೇ ಬಿಚ್ಚಿದರು. ಇಲ್ಲಿ ಕೆಲಸವಿದೆ, ಆದರೆ ಮಗುವಿರುವ ಹೆಂಗಸನ್ನು ಇಟ್ಟುಕೊಳ್ಳುವುದಿಲ್ಲ ಅಂದರು. ಡೆನ್ವರ್‌ನ ಒಂದು ಅನಾಥಾಲಯದಲ್ಲಿ ಕನ್ಯಾಸ್ತ್ರೀಯರು ನೋರಾಳನ್ನು ಕೆಲವು ತಿಂಗಳು ನೋಡಿಕೊಳ್ಳುತ್ತೇವೆ ಎಂದು ಒಪ್ಪಿದರು. ನಾನು ಹಾಗೆಂದು ತಿಳಿದೇ ಅವರ ಕಾಗದಕ್ಕೆ ಸಹಿ ಹಾಕಿದೆ. ಹೊರಡುವಾಗ ಅವಳು ಅಳಲಿಲ್ಲ. "ಮಾವನ ಮನೆಗೆ ಹೋಗೋ ರೈಲು ಇದೇನಾ?" ಎಂದು ಕೇಳಿದಳು. ಅಲ್ಲ, ಅದು ಆಮೇಲೆ ಅಂದೆ.

ಮೊದಲ ರಜೆ ಸಿಕ್ಕಿದ ಭಾನುವಾರ ಹೋದೆ. ಅವಳ ಮಂಚದಲ್ಲಿ ಬೇರೆ ಮಗು ಕೂತಿತ್ತು. ನೆಬ್ರಾಸ್ಕಾದ ಕಡೆಯ ಗಂಡಹೆಂಡಿರು ಬಂದು ಕರೆದುಕೊಂಡು ಹೋದರಂತೆ. ಮಕ್ಕಳಿಲ್ಲದವರಂತೆ, ಒಳ್ಳೆಯವರಂತೆ, ಹೊಲವಿದೆಯಂತೆ. ಹೆಸರು ಹೇಳುವುದಿಲ್ಲ ಅಂದರು. "ನೀವು ಬಿಟ್ಟುಕೊಟ್ರಲ್ಲಮ್ಮಾ," ಅಂದರು ಹಿರಿಯ ತಾಯಿ, ಸಿಟ್ಟಿಲ್ಲದೆ. "ಸ್ವಲ್ಪ ದಿನಕ್ಕೆ ಅಂದೆ ತಾಯೀ," ಅಂದೆ. "ಎಲ್ರೂ ಹಂಗೇ ಅಂತಾರೆ," ಅಂದರು. ಬಾಗಿಲು ಮುಚ್ಚುವ ತನಕ ಅಂಗಳದಲ್ಲಿ ನಿಂತಿದ್ದೆ. ಆಮೇಲೆ ಬೀದಿಯಲ್ಲಿ ನಿಂತೆ.

ಟಿಕೆಟ್ಟಿನ ಹಣವನ್ನು ತಿರುಗಿ ಕಳಿಸುತ್ತಿದ್ದೇನೆ. ನಾನು ಈ ಸೀಮೆ ಬಿಟ್ಟು ಬರುವುದಿಲ್ಲ. ಇಲ್ಲಿಂದ ನೆಬ್ರಾಸ್ಕಾ ಹತ್ತಿರ.

ಅವಳು ಎಷ್ಟು ಎತ್ತರ ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ ಅಣ್ಣ.

ಡೀಲಿಯಾ